ರಾಗಿ ಬೀದಿಗೆ, ಕಲ್ಲು ಪಾತ್ರೆಗೆ

ಗಂಡ ಅನ್ನಿಸಿಕೊಂಡೋರು ಹೊಸ ಮಿಷಿನ್ ಕಂಡುಹಿಡೀತೀನಿ ಅಂತ ಕೂತುಬಿಟ್ಟರೆ, ಆ ಮನೇಲಿ ನಗೋದಕ್ಕೆ ನಾಟಕದ ಕಂಪನಿಯೇ ಬೇಡ. ಪೀಣ್ಯದಲ್ಲಿ ಒಂದು ಶೆಡ್ಡಿಗೂ ಇನ್ನೊಂದಕ್ಕೂ ನಡುವೆ ಇನ್ನೂ ರಾಗಿ ಹೊಲ ಇದ್ದ ಕಾಲ ಅದು. ನಮ್ಮೆಜಮಾನ್ರು ಫ್ಯಾಕ್ಟರಿ ಕೆಲಸ ಬಿಟ್ಟು, ದಾಸರಹಳ್ಳೀಲಿ ರಾಗಿಯಿಂದ ಕಲ್ಲು ಬೇರೆ ಮಾಡೋ ಮಿಷಿನ್ ಕಟ್ಟೋಕೆ ನಿಂತರು. ನಾನೂ, "ಕಟ್ಟಿ, ಎಷ್ಟು ದಿನ ಅಂತ ಮೊರ ಹಿಡ್ಕೊಂಡು ಕೂರೋದು" ಅಂದೆ.

ಮೊದಲನೇ ಮಿಷಿನ್ನು

ನನ್ನ ಜರಡಿ ಹೋಯ್ತು, ಮಂಚದ ಪಟ್ಟಿ ಹೋಯ್ತು, ಹೊಲಿಗೆ ಮಿಷಿನ್ನಿನ ಚಕ್ರಾನೂ ಹೋಯ್ತು. ಎಲ್ಲಾ ಸೇರಿ ಕೈಯಲ್ಲಿ ತಿರುಗಿಸೋ ಮಿಷಿನ್ ಆಯ್ತು, ಒಳಗೊಂದು ಫ್ಯಾನು. ಬೀದಿಯೋರೆಲ್ಲ ಸೇರಿದ್ರು. ಎಜಮಾನ್ರು ರಾಗಿ ಸುರಿದು ಹಿಡಿ ತಿರುಗಿಸಿದ್ರು. ಗಾಳಿ ಎಷ್ಟು ಜೋರು ಅಂದ್ರೆ, ರಾಗಿಯೆಲ್ಲ ಬಾಗಿಲು ದಾಟಿ ಬೀದಿಗೆ ಹಾರಿತು. ಕಲ್ಲು ಮಾತ್ರ ಒಂದೂ ಬಿಡದಂಗೆ ಪಾತ್ರೇಲಿ ಬಿತ್ತು. ಕೋಳಿಗಳಿಗೆ ಹಬ್ಬವೋ ಹಬ್ಬ.

ಪಕ್ಕದ ಮನೆಯೋಳು, "ಅಕ್ಕಾ, ಇವತ್ತು ಕಲ್ಲಿನ ಮುದ್ದೇನಾ?" ಅಂದ್ಲು.

ಎಜಮಾನ್ರು ಮೀಸೆ ತಿರುವಿ, "ಬೇರೆ ಮಾಡ್ತೀನಿ ಅಂದಿದ್ದೆ, ಮಾಡಿದ್ದೀನಿ. ಯಾವುದು ಎಲ್ಲಿ ಬೀಳ್ತದೆ ಅಂತ ಮಾತು ಕೊಟ್ಟಿದ್ನಾ?" ಅಂದ್ರು.

ಊರಿನೋರ ಪಾಲು

ಎರಡನೇ ಮಿಷಿನ್ನು ಚೆನ್ನಾಗೇ ಬಂತು. ಆದರೆ ಕಬ್ಬಿಣ ಕಡೆಯೋ ಲೇತ್ ನಮಗಿಲ್ಲ. ಒಂದೊಂದು ಭಾಗ ಕಡೆಯೋಕೂ ಬೇರೆಯೋರ ಲೇತ್ ಬಿಡುವಾಗಲಿ ಅಂತ ಕಾಯ್ಬೇಕು. ಹಿಂಗೇ ಆಗಿದ್ರೆ ಎಜಮಾನ್ರು ಮತ್ತೆ ಫ್ಯಾಕ್ಟರಿ ಗೇಟಿನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಅಷ್ಟರಲ್ಲಿ ಕೈಗಾರಿಕೆ ಆಫೀಸಿನ ಸಾಹೇಬ್ರು ಬಂದು, "ಅಮ್ಮಾ, ಹೊಸದು ಕಂಡುಹಿಡಿಯೋರಿಗೆ ಹೊರದೇಶದೋರು ಲೇತ್ ಕೊಡ್ತಾರೆ. ಆದರೆ ಲೋಕಲ್ ಸಪೋರ್ಟ್ ಇರ್ಬೇಕು. ನಿಮ್ಮೂರೋರು ಏನಾದ್ರೂ ಕೊಟ್ಟಿದ್ರೇನೇ ಅವರು ಕೊಡೋದು" ಅಂದ್ರು.

ಕೊಟ್ರು ನೋಡಿ! ಬಡಗಿ ಬೆಂಚು ಕೊಟ್ಟ. ಹೂವಿನೋಳು ಗೋಣಿಚೀಲ ಕೊಟ್ಲು. ಮಿಕ್ಕೋರು ಬುದ್ಧಿ ಹೇಳಿದ್ರು. ಗೌಡ್ರು ತಮ್ಮ ಕೊಟ್ಟಿಗೇನೇ ಶೆಡ್ಡಿಗೆ ಬಿಟ್ಟುಕೊಟ್ರು. ಎರಡು ಮಿಷಿನ್ನೂ ಅಲ್ಲಿಗೆ ಸಾಗಿಸಿದ್ವು. ಬೆಳಗ್ಗೆ ಹೋಗಿ ನೋಡಿದ್ರೆ ಹಸು ಅಲ್ಲೇ ಇದೆ, ನಮ್ಮ ಹಳೇ ಮಿಷಿನ್ನೊಳಗೆ ಮೂತಿ ಇಟ್ಟು ಹುಲ್ಲು ತಿಂತಾ ಇದೆ.

"ಗೌಡ್ರೇ, ಜಾಗ ಕೊಟ್ಟೆ ಅಂದ್ರಲ್ಲ?"

"ಊಂ ಕಣಮ್ಮ, ಹಸೂನೂ ಸೇರ್ಸೇ ಕೊಟ್ಟಿರೋದು. ಹಾಲು ಮಾತ್ರ ನಮ್ದು."

ಆಯುಧಪೂಜೆ

ಲೇತ್ ಕೊಡೋ ಹೊರದೇಶದ ದೊರೆ ಮಿಷಿನ್ ನೋಡೋಕೆ ಬಂದದ್ದು ಸರಿಯಾಗಿ ಆಯುಧಪೂಜೆ ದಿವಸ. ಮಾರನೇ ದಿವಸ ವಿಮಾನ ಹತ್ತಬೇಕಂತೆ. ಹೊಸ ಮಿಷಿನ್ನು ಹಾರ, ಕುಂಕುಮ, ಬಾಳೆಕಂದು ಎಲ್ಲಾ ಇಟ್ಕೊಂಡು ಮದುವಣಗಿತ್ತಿ ಹಂಗೆ ಕೂತಿತ್ತು.

"ಓಡಿಸಿ ತೋರ್ಸಿ" ಅಂದ್ರು ಸಾಹೇಬ್ರು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಲ್ಲ ಸಾರ್" ಅಂದ್ರು ಎಜಮಾನ್ರು.

"ಲೇತ್ ಕೈಬಿಟ್ಟು ಹೋಗ್ತದೆ ಕಣ್ರೀ!"

"ಹೋದ್ರೆ ಹೋಗ್ಲಿ."

ನಾನು ಬಿಡ್ತೀನಾ? "ರೀ, ಪೂಜೆ ಆಗದೇ ಇರೋದು ಒಂದಿದೆಯಲ್ಲ!" ಅಂದೆ. ಹಸುವಿನ ಹುಲ್ಲಿನ ತೊಟ್ಟಿಯಾಗಿದ್ದ ಹಳೇ ಮಿಷಿನ್ನಿಗೆ ಕುಂಕುಮ ಇಡೋದು ಯಾರಿಗೂ ನೆನಪಾಗಿರಲಿಲ್ಲ.

"ಅದು ರಾಗೀನ ಬೀದಿಗೆ ಎಸೀತದಲ್ಲೇ!"

"ಎಸೀಲಿ. ಬೀದೀಲಿ ನಾವಿಲ್ವಾ?"

ಹುಲ್ಲು ಕೊಡವಿ ಮಿಷಿನ್ನನ್ನ ಬಾಗಿಲಿಗೆ ತಂದ್ರು. ನಾವು ಹೆಂಗಸರೆಲ್ಲ ಹಬ್ಬದ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೂವಿನೋಳ ಗೋಣಿಚೀಲ ಬಿಚ್ಚಿ ಹಿಡಿದು ಹೊರಗೆ ನಿಂತ್ವು. ದೊರೆ ತಾನೇ ಕೋಟು ಬಿಚ್ಚಿ ಹಿಡಿ ತಿರುಗಿಸ್ದ. ರಾಗಿ ಹಾರಿ ಬಂತು, ಹಿಡಿದ್ವು. ಕಲ್ಲು ಪಾತ್ರೇಲಿ ಕೂತಿತ್ತು. ದೊರೆ ರಾಗೀನ ಅಂಗೈಮೇಲೆ ಹರಡಿಕೊಂಡು ನೋಡ್ತಾನೆ, ಒಂದು ಕಲ್ಲಿಲ್ಲ!

ಅಷ್ಟರಲ್ಲಿ ಹಸು, ನನ್ನ ತಟ್ಟೆ ಎಲ್ಲಿಗೆ ಹೊತ್ಕೊಂಡು ಹೋದ್ರಿ ಅನ್ನೋ ಹಂಗೆ ಹಗ್ಗ ಕಿತ್ತುಕೊಂಡು ಬಂದು, ದೊರೆ ಕಂಕುಳ ಕೆಳಗಿಂದ ಮಿಷಿನ್ನಿಗೆ ಮೂತಿ ತೂರಿಸ್ತು. ಅವನು ಬೆಚ್ಚಿಬಿದ್ದು ಏನೋ ಕೇಳಿದ.

"ಇದು ಯಾಕಿಲ್ಲಿ ಅಂತಾರಮ್ಮ" ಅಂದ್ರು ಸಾಹೇಬ್ರು.

"ಹೇಳಿ ಸಾರ್, ಇದೇ ನಮ್ಮ ಲೋಕಲ್ ಸಪೋರ್ಟು!"

ಸಾಹೇಬ್ರು ಹೇಳಿದ್ರು. ದೊರೆ ನಕ್ಕಿದ್ದು ನಾಗಸಂದ್ರಕ್ಕೆ ಕೇಳಿಸಿರ್ಬೇಕು.

ಲೇತ್ ಬಂತು. ಅದಕ್ಕೆ ಅಂತ ತಂದಿಟ್ಟ ಹಾರಾನ ಹಸು ತಿಂದುಬಿಡ್ತು. ಎಜಮಾನ್ರು ಕೋಲು ಎತ್ತಿದ್ರೆ ಗೌಡ್ರು ಅಡ್ಡ ನಿಂತು, "ಸುಮ್ನಿರಪ್ಪ, ಕೊಟ್ಟೋರು ಅವರಿರ್ಬೋದು, ಕೊಡ್ಸಿದ್ದು ಯಾರು?" ಅಂದ್ರು.