ಇಳಿಜಾರು ಹಿಡಿದು ಎದುರು ಮನೆ ಸೇರಿದ ಗಾಲಿಮೇಜಿನವರಿಗೆ

೧. ದೂರುದಾರರು: ಹಾರ್ಲನ್ ಟ್ವೆಟೆನ್, ನಿವೃತ್ತ, ನಾರ್ಡ್‌ಹೋಮ್ ಪಟ್ಟಣ, ಮಿನ್ನೆಸೋಟಾ.
೨. ಎದುರು ಕಕ್ಷಿ: ಹಲಗೆಯನ್ನು ಬೇಕಾದ ಓರೆಗೆ ಕತ್ತರಿಸುವ ಮೈಟರ್ ಗರಗಸವನ್ನು ಹೊತ್ತ, ನಾಲ್ಕು ಗಾಲಿ, ಎರಡು ಮಡಿಸುವ ರೆಕ್ಕೆ ಹಾಗೂ ಒಂದು ಡ್ರಾಯರ್ ಉಳ್ಳ ಪ್ಲೈವುಡ್ ಮೇಜು.
೩. ಕಕ್ಷಿಗಳ ಸಂಬಂಧ: ಕಟ್ಟಿದವನು ಮತ್ತು ಕಟ್ಟಿಸಿಕೊಂಡವರು.
೪. ಎದುರು ಕಕ್ಷಿಯ ಕಾಯಂ ವಿಳಾಸ: ದೂರುದಾರರ ಗ್ಯಾರೇಜಿನ ಈಶಾನ್ಯ ಮೂಲೆ.
೫. ಹಾಲಿ ವಿಳಾಸ: ಎದುರು ಮನೆಯ ಶ್ರೀ ಡುವೇನ್ ಪ್ರಿಬಿಲ್ ಅವರ ಗ್ಯಾರೇಜಿನಲ್ಲಿ, ಅವರ ಪಿಕಪ್ ಗಾಡಿ ನಿಲ್ಲುತ್ತಿದ್ದ ಜಾಗ.
೬. ಕೋರುವ ಪರಿಹಾರ: ತಾವಾಗಿಯೇ ಹಿಂದಿರುಗಿ ಬರುವುದು.
೭. ಗಡುವು: ಶನಿವಾರ ಬೆಳಿಗ್ಗೆ, ಫ್ರೀಜರ್ ಬರುವುದಕ್ಕೆ ಮುಂಚೆ.

ಮಾನ್ಯ ಗಾಲಿಮೇಜಿನವರ ಸನ್ನಿಧಾನಕ್ಕೆ,

ತಮ್ಮ ನಾಲ್ಕೂ ಗಾಲಿಗಳು ಕ್ಷೇಮವಾಗಿವೆಯೆಂದೂ, ರೆಕ್ಕೆಗಳ ಕೀಲುಗಳಿಗೆ ಕೆರೆಯ ಕಡೆಯ ತೇವ ತಗುಲಿಲ್ಲವೆಂದೂ, ತಾವು ತಲೆಯ ಮೇಲೆ ಹೊತ್ತಿರುವ ಗರಗಸವು ಪರರ ಹಲಗೆಗಳಿಗೆ ಹಲ್ಲು ತಾಗಿಸದೆ ಮಾನವಾಗಿ ಬಾಳುತ್ತಿದೆಯೆಂದೂ ನಂಬಿ, ತಮ್ಮನ್ನು ಅಳೆದು, ಕತ್ತರಿಸಿ, ಅಂಟಿಸಿ, ತಿರುಪು ಬಿಗಿದು ಈ ಲೋಕಕ್ಕೆ ತಂದವನಾದ ನಾನು ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆ ಬೇಡುತ್ತೇನೆ. ಚರ್ಚಿನ ಆಡಳಿತ ಮಂಡಳಿಯ ಕಾರ್ಯದರ್ಶಿಯಾಗಿ ಕೌಂಟಿ ಕಚೇರಿಗೆ ಮೋರಿ, ಸೇತುವೆ, ಬೀದಿದೀಪಗಳ ಕುರಿತು ಬಿನ್ನಹ ಬರೆದು ಪಳಗಿದ ಕೈ ಇದಾದರೂ, ಮೇಜೊಂದಕ್ಕೆ ಬರೆಯುತ್ತಿರುವುದು ಇದೇ ಮೊದಲಾದ್ದರಿಂದ, ಸಂಬೋಧನೆಯಲ್ಲಿ ಏನಾದರೂ ಕೊರತೆಯಾಗಿದ್ದರೆ ಮನ್ನಿಸಬೇಕು.

ಈ ಪತ್ರವನ್ನು ಲಕೋಟೆಯಲ್ಲಿಡದೆ ಅಂಚೆ ಕಚೇರಿಯ ಫಲಕಕ್ಕೂ ಕಾಫಿ ಅಂಗಡಿಯ ಬಾಗಿಲಿಗೂ ಅಂಟಿಸಿರುವುದು ತಮ್ಮ ಘನತೆಯನ್ನು ಕುಗ್ಗಿಸಲು ಅಲ್ಲ. ಆ ಎರಡು ಕಡೆಯೂ ದಿನ ಬೆಳಗಾದರೆ ನಿಂತು, ಕನ್ನಡಕ ಒರೆಸಿಕೊಂಡು, ಅಂಟಿಸಿದ್ದೆಲ್ಲವನ್ನೂ ಓದುವ ಅಭ್ಯಾಸ ಶ್ರೀ ಡುವೇನ್ ಅವರಿಗಿದೆ ಎಂಬುದು ಕೇವಲ ಕಾಕತಾಳೀಯ.

ನಮ್ಮ ಊರಿನಲ್ಲಿ ಗ್ಯಾರೇಜು ಬೇಸಿಗೆಯಲ್ಲಿ ಗಂಡಸಿನದು, ಚಳಿಗಾಲದಲ್ಲಿ ಕಾರಿನದು ಎಂಬುದು ತಮಗೆ ತಿಳಿಯದ್ದಲ್ಲ. ಈ ವರ್ಷದ ಮೊದಲ ಮಂಜು ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಬೆಳಿಗ್ಗೆ ನನ್ನ ಧರ್ಮಪತ್ನಿ ಲವೋನ್, ಗಾಜು ಕೆರೆಯುವ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಬಂದು ನಿಂತು, “ನೋಡು ಹಾರ್ಲನ್, ಹಿಮ ನೆಲ ಹಿಡಿಯೋ ಹೊತ್ತಿಗೆ ನನ್ನ ಕಾರು ಒಳಗಿರ್ಬೇಕು. ನಿನ್ನ ಗರಗಸ ಪಕ್ಕಕ್ಕೆ ಸರಿಯೋ ಹಾಗಿದ್ರೆ ಆ ಮೂಲೇಲಿ ಇರ್ಲಿ. ಸರಿಯೋದಿಲ್ಲ ಅಂದ್ರೆ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಹೋಗುತ್ತೆ. ಅಡ್ಡ ನಿಂತ್ರೆ ನೀನೂ ಜೊತೇಲೇ ಹೋಗ್ತೀಯ” ಎಂದು ತನ್ನ ಆದೇಶವನ್ನು ಓದಿ ಹೇಳಿದಳು. ಆ ಮೂಲೆಯೊಂದೇ ಈ ಮನೆಯಲ್ಲಿ ನನ್ನದೆನ್ನಬಹುದಾದ ಸ್ಥಳ; ಉಳಿದೆಡೆಯೆಲ್ಲ ಅರ್ಧ ಹೊಲಿದ ಕೌದಿಗಳು, ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳು, ಮತ್ತು ನೋಡಲು ಮಾತ್ರ ಇಟ್ಟಿರುವ ಕುರ್ಚಿಗಳು ಅಧಿಕಾರ ನಡೆಸುತ್ತಿವೆ. ಆದುದರಿಂದ ತಮ್ಮ ಜನನವು ನನಗೆ ಹವ್ಯಾಸದ ಮಾತಾಗಿರಲಿಲ್ಲ, ಮೂಲೆಯ ಮಾತಾಗಿತ್ತು.

ತಮ್ಮನ್ನು ಕಟ್ಟುವುದರಲ್ಲಿ ನಾನು ಕೈ ಬಿಗಿಹಿಡಿದೆನೆಂದು ಯಾರೂ ಹೇಳಲಾರರು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ಕೊಕ್ಕರೆಯ ಕಾಲಿನ ಕಬ್ಬಿಣದ ಸ್ಟ್ಯಾಂಡುಗಳನ್ನು ಕಡೆಗಣ್ಣಿನಿಂದಲೂ ನೋಡದೆ, ಗಟ್ಟಿ ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿ, ನಡುವೆ ಗರಗಸ ಕೂರಲು ತಗ್ಗು ಬಿಟ್ಟು, ಗರಗಸದ ಹಾಸೂ ಎರಡು ಕಡೆಯ ರೆಕ್ಕೆಗಳೂ ಒಂದೇ ಮಟ್ಟಕ್ಕೆ ಬಂದು ಉದ್ದ ಹಲಗೆ ಎಲ್ಲಿಯೂ ಜೋಲದಿರಲೆಂದು ಓಟ್ಸ್ ಡಬ್ಬಿಯ ರಟ್ಟನ್ನು ಸಣ್ಣ ಸಣ್ಣ ಚೂರು ಮಾಡಿ ಒತ್ತು ಕೊಟ್ಟೆ. ಆ ಡಬ್ಬಿಯಲ್ಲಿದ್ದ ಓಟ್ಸ್ ಇಂದಿಗೂ ಒಂದು ಪಾತ್ರೆಯಲ್ಲಿ ಅನಾಥವಾಗಿ ಕೂತಿದೆ. ಲವೋನ್ ಅದನ್ನು ನನಗೆ ಮರೆಯಗೊಟ್ಟಿಲ್ಲ. ಗಾಲಿಗಳನ್ನಂತೂ ಆಸ್ಪತ್ರೆಯ ಮಂಚಕ್ಕೆ ಹಾಕುವಂಥ, ಉಸಿರು ತಾಗಿದರೂ ಉರುಳುವಂಥವನ್ನೇ ಹುಡುಕಿ ತಂದೆ. ಅವುಗಳಲ್ಲಿ ಎರಡಕ್ಕೆ ಕಾಲಿನಿಂದ ಒತ್ತುವ ತಡೆಯಿತ್ತು. ಆ ಎರಡನ್ನು ಗೋಡೆಯ ಕಡೆಗೆ ಜೋಡಿಸಿದ್ದು ಮುಂಭಾಗ ಅಂದವಾಗಿ ಕಾಣಲಿ ಎಂದೇ ಹೊರತು, ಯಾರ ಕಾಲಿಗೂ ಸಿಗದಿರಲಿ ಎಂದಲ್ಲ.

ನೆಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾರಿನಿಂದ ಕರಗಿ ಬೀಳುವ ಹಿಮದ ನೀರು ಒಳಗೆ ನಿಲ್ಲದೆ ಬಾಗಿಲ ಕಡೆಗೆ ಹರಿದುಹೋಗಲೆಂದು ನಮ್ಮಲ್ಲಿ ಗ್ಯಾರೇಜಿನ ನೆಲವನ್ನು ಓರೆಯಾಗಿಯೇ ಹಾಕುತ್ತಾರೆ. ನನ್ನ ನೆಲದ ಓರೆ ಈ ಬೀದಿಗೇ ಹೆಸರುವಾಸಿ. ಕಾಂಕ್ರೀಟು ಹಸಿಯಿದ್ದಾಗ ಪಕ್ಕದಲ್ಲಿ ನಿಂತು “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎಂದು ಹಾಕಿಸಿದವನು ನಾನೇ, ಮತ್ತು ಅದರಲ್ಲಿ ನನಗೆ ಈ ಹೊತ್ತಿಗೂ ಯಾವ ದೋಷವೂ ಕಾಣುತ್ತಿಲ್ಲ. ನೀರಿಗೆಂದು ಮಾಡಿಟ್ಟ ಸೌಕರ್ಯವನ್ನು ಗಾಲಿಗಳು ಬಳಸಿಕೊಂಡರೆ ಅದನ್ನು ಅತಿಕ್ರಮಣವೆನ್ನದೆ ಮತ್ತೇನೆನ್ನಬೇಕು?

ತಾವು ಸಿದ್ಧವಾದ ದಿನ ಶ್ರೀ ಡುವೇನ್ ಅವರು ಎಂದಿನಂತೆ ಮಡಿಸುವ ಕುರ್ಚಿಯೊಡನೆ ಬಂದು, ನನ್ನ ಗ್ಯಾರೇಜಿನ ಬಾಗಿಲಲ್ಲಿ ಬೀದಿಗೆ ಮುಖಮಾಡಿ ಕೂತು, ಕಾಫಿ ಕುಡಿಯುತ್ತ, ಕತ್ತು ಹಿಂದಕ್ಕೆ ತಿರುಗಿಸಿ ತಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹೂಂ. ಬೇರೆ ಥರಾನೇ ಇದೆ ಬಿಡು” ಎಂದರು. ನಮ್ಮ ಕಡೆ ಇದಕ್ಕಿಂತ ಕಟುವಾದ ಬೈಗುಳ ಇಲ್ಲ. ಅದನ್ನು ಕೇಳಿ ನೊಂದ ನಾನು, ಎಡಗೈಯಲ್ಲಿ ಕಾಫಿ ಲೋಟವಿದ್ದುದರಿಂದ ಬಲಗೈಯ ಒಂದೇ ಬೆರಳನ್ನು ತಮ್ಮ ಬೆನ್ನಿಗಿಟ್ಟು, “ಒಂದೇ ಬೆರಳಲ್ಲಿ ಸರಿಯುತ್ತೆ, ನೋಡ್ತಿರು” ಎಂದೆ.

ತಾವು ಸರಿದಿರಿ. ಸರಿದು, ಬಾಗಿಲ ಹೊಸ್ತಿಲನ್ನು ದಾಟಿ, ಎರಡೂ ರೆಕ್ಕೆಗಳನ್ನು ಚಾಚಿಕೊಂಡು, ಕೆರೆಗೆ ಇಳಿಯುವ ಹೆಬ್ಬಾತಿನ ಗಾಂಭೀರ್ಯದಿಂದ ಮನೆಯ ಮುಂದಿನ ಇಳಿಜಾರಿನಲ್ಲಿ ಸಾಗಿದಿರಿ. ನಾನು ಕೂಗಲಿಲ್ಲ, ಬೀದಿಯಲ್ಲಿ ಕೂಗಾಡುವುದು ನಮ್ಮವರ ಪದ್ಧತಿಯಲ್ಲ. “ಹೊರಟೇ ಹೋಯ್ತಲ್ಲಪ್ಪ” ಎಂದರು ಡುವೇನ್, ಕೂತಲ್ಲಿಂದಲೇ. “ಪಕ್ಕಕ್ಕೆ ಸರೀಬೇಕು ಅಂದ್ರೆ ಅಷ್ಟು ದೂರ ಅಂತ ನಾನೆಲ್ಲಿ ಹೇಳಿದ್ದೆ?” ಎಂದಳು ಲವೋನ್, ಅಡುಗೆಮನೆಯ ಕಿಟಕಿಯಿಂದ. ಅದೇ ಹೊತ್ತಿಗೆ ಬಂದ ಅಂಚೆಯ ಗಾಡಿಯವರು ನಿಂತು ತಮಗೆ ದಾರಿ ಬಿಟ್ಟು, ಪರಿಚಿತರಿಗೆ ಮಾಡುವಂತೆ ಸ್ಟಿಯರಿಂಗಿನ ಮೇಲಿಂದ ಎರಡು ಬೆರಳೆತ್ತಿ ವಂದಿಸಿದ್ದನ್ನು ನಾನು ಕಣ್ಣಾರೆ ಕಂಡೆ; ತಾವು ಪ್ರತಿವಂದನೆ ಸಲ್ಲಿಸಲಿಲ್ಲ. ಬಳಿಕ, ರಸ್ತೆಗಿಂತ ತಗ್ಗಿನಲ್ಲಿರುವ ಡುವೇನ್ ಅವರ ಮನೆಯ ದಾರಿಯಲ್ಲಿ ಇಳಿದು, ತೆರೆದಿದ್ದ ಅವರ ಗ್ಯಾರೇಜನ್ನು ಹೊಕ್ಕು, ಆ ಹೊತ್ತು ಖಾಲಿಯಿದ್ದ ಪಿಕಪ್ ಗಾಡಿಯ ಜಾಗದ ನಟ್ಟನಡುವೆ, ಒಂದು ಹೂಕುಂಡವನ್ನೂ ಕೆಡವದೆ ನಿಂತಿರಿ. ಇಂಥ ಅಚ್ಚುಕಟ್ಟನ್ನು ತಾವು ನನ್ನ ಮೂಲೆಯಲ್ಲಿ ತೋರಿಸಿದ್ದರೆ ಈ ಊರಿಗೆ ತಮ್ಮ ಹೆಸರನ್ನೇ ಇಡಬಹುದಿತ್ತು.

ಆ ಕ್ಷಣದಲ್ಲೇ ತಮ್ಮನ್ನು ತಳ್ಳಿಕೊಂಡು ಬಂದಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಒಬ್ಬರ ಮನೆಯೊಳಗೆ ಕಾಲಿಟ್ಟೊಡನೆ ನನ್ನದು ನನಗೆ ಎಂದು ಎಳೆದುಕೊಂಡು ಹೊರಡುವುದು ಒರಟುತನವಲ್ಲವೇ? ಕೇವಲ ಮರ್ಯಾದೆಗಾಗಿ, ನನ್ನ ಹಿಂದೆಯೇ ಬಂದ ಡುವೇನ್ ಅವರಿಗೆ, “ಬೇಕಿದ್ರೆ ನೀನೂ ಬಳಸ್ಕೋ” ಎಂದೆ. “ಅಯ್ಯೋ, ನಂಗ್ಯಾಕಪ್ಪ” ಎಂದರು. “ಪರವಾಗಿಲ್ಲ, ಇರ್ಲಿ” ಎಂದೆ. “ಛೆ ಛೆ, ನಿಂಗೆ ತೊಂದರೆ” ಎಂದರು. ಎರಡು ಸಲ ನೀಡಿ ಎರಡು ಸಲ ಬೇಡವೆನ್ನಿಸಿಕೊಂಡರೆ ಅದು ಉಪಚಾರ. ಮೂರನೆಯ ಸಲ ನೀಡಿದರೆ ಅದು ನಿಜವಾದ ಕೊಡುಗೆ, ಒಲ್ಲೆನೆಂದವನು ನೆರೆಹೊರೆಗೆ ಅವಮಾನ ಮಾಡಿದಂತೆ. ಈ ಕಟ್ಟಳೆಯನ್ನು ತಾಯಿಯ ಹಾಲಿನೊಡನೆ ಕುಡಿದವರು ನಾವಿಬ್ಬರೂ. ಆದರೆ ಸರಿಯಾಗಿ ಆಗಲೇ ತಾವು ತಮ್ಮ ಬಲರೆಕ್ಕೆಯನ್ನು ದಡಾರನೆ ಕೆಳಗೆ ಬಿಟ್ಟದ್ದರಿಂದ ನನ್ನ ಲೆಕ್ಕ ತಪ್ಪಿತು, “ಏನಿಲ್ಲ, ಇಟ್ಕೋ” ಎಂದು ಬಾಯಿ ಜಾರಿತು. ಡುವೇನ್ ಅವರ ಮುಖ ಬಿಳುಚಿಕೊಂಡಿತು. ಅವರು ತಮ್ಮ ಪಿಕಪ್ ಗಾಡಿಯ ಜಾಗವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. “ಹಾಗಾದ್ರೆ... ನೀನು ಅಷ್ಟು ಹೇಳ್ತಿದ್ದೀಯ ಅಂದ್ಮೇಲೆ...” ಎಂದರು.

ಅಂದಿನಿಂದ ನಡೆದಿರುವುದು ತಮ್ಮ ಕಣ್ಣೆದುರಿನದೇ. ಹಿಮ ನೆಲ ಹಿಡಿಯಿತು. ಲವೋನಳ ಕಾರು ಒಳಗೆ ಬೆಚ್ಚಗಿದೆ. ಡುವೇನ್ ಅವರ ಗಾಡಿ ಹೊರಗೆ ಬಿಳಿಯ ಗುಡ್ಡವಾಗಿ ನಿಂತಿದ್ದು, ಅವರು ಪ್ರತಿ ಬೆಳಿಗ್ಗೆ ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು ಅದನ್ನು ಅಗೆದು ತೆಗೆಯುತ್ತ, ನನ್ನನ್ನು ಕಂಡರೆ ಕೈಯೆತ್ತಿ, “ತೊಂದರೆ ಇಲ್ಲ ಹಾರ್ಲನ್, ಇನ್ನೂ ಕೆಟ್ಟದಾಗಬಹುದಿತ್ತು” ಎನ್ನುತ್ತಾರೆ. ಮರಗೆಲಸದಲ್ಲಿ ಅವರಿಗೆ ಆಸಕ್ತಿಯಿಲ್ಲ. ತಮ್ಮ ಎಡರೆಕ್ಕೆಯ ಮೇಲೆ ಮೀನಿನ ಗಾಳಗಳನ್ನು ಒಣಗಿಸಿದ್ದಾರೆ. ಕೊಟ್ಟದ್ದನ್ನು ಹಿಂದಕ್ಕೆ ಕೊಟ್ಟರೆ ನನಗೆ ಅವಮಾನವೆಂದು ಅವರು ಸುಮ್ಮನಿದ್ದಾರೆ, ಕೊಟ್ಟದ್ದನ್ನು ಹಿಂದಕ್ಕೆ ಕೇಳಿದರೆ ಅವರಿಗೆ ಅವಮಾನವೆಂದು ನಾನು ಸುಮ್ಮನಿದ್ದೇನೆ. ನನ್ನದೇ ಗರಗಸದಲ್ಲಿ ಒಂದು ಹಲಗೆ ಕತ್ತರಿಸಲು ಹೋದರೆ, ಅವರು ಬಳಸೆನ್ನುವುದು, ನಾನು ಬೇಡವೆನ್ನುವುದು, ಅಷ್ಟರಲ್ಲಿ ಕಾಫಿ ಬರುವುದು, ಹವಾಮಾನದ ಮಾತು ಏಳುವುದು, ಹಲಗೆ ಹೋದಷ್ಟೇ ಉದ್ದವಾಗಿ ಮನೆಗೆ ಮರಳುವುದು, ಇಷ್ಟೇ ಆಗಿದೆ.

ಇದರ ನಡುವೆ ಲವೋನ್ ನನ್ನ ಮೂಲೆಯನ್ನು ಟೇಪಿನಿಂದ ಅಳೆದು, “ಖಾಲಿ ಬಿದ್ದಿದೆಯಲ್ಲ, ಶನಿವಾರ ನಮ್ಮಕ್ಕ ಅವಳ ದೊಡ್ಡ ಫ್ರೀಜರ್ ಕಳಿಸ್ತಾಳೆ, ಇಲ್ಲಿಡೋಣ” ಎಂದಿದ್ದಾಳೆ. ಜಿಂಕೆಯ ಮಾಂಸವೂ ಮುಸುಕಿನ ಜೋಳವೂ ತುಂಬಿದ ಫ್ರೀಜರ್ ನಮ್ಮ ಕಡೆ ಒಮ್ಮೆ ಕೂತರೆ ಮನೆ ಮಾರುವವರೆಗೆ ಮೇಲೇಳುವುದಿಲ್ಲ. “ನನ್ನ ಮೇಜು ವಾಪಸು ಬರುತ್ತೆ ಕಣೇ” ಎಂದೆ. “ಹೇಗೆ ಬರುತ್ತೆ? ಹೋಗಿ ಬಾಯ್ಬಿಟ್ಟು ಕೇಳೋಕೆ ನಿಂಗೇನು ರೋಗ?” ಎಂದಳು. “ಹಾಗೆಲ್ಲ ಕೇಳೋಕಾಗಲ್ಲ.” “ಮೇಜಿಗೆ ಅರ್ಜಿ ಬರೆಯೋಕಾಗುತ್ತೆ, ಮನುಷ್ಯನ್ನ ಕೇಳೋಕಾಗಲ್ಲ!” ಎಂದು ಒಳಗೆ ಹೋದಳು. ಆಕೆ ಚಿಕಾಗೊ ಕಡೆಯವಳು, ಅಲ್ಲಿ ಬೇಕಾದ್ದನ್ನು ಬಾಯ್ಬಿಟ್ಟೇ ಕೇಳುತ್ತಾರೆ.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಏನೆಂದರೆ, ಇಳಿಯುವಾಗ ತೋರಿದ ಉತ್ಸಾಹದಲ್ಲಿ ಅರ್ಧವನ್ನಾದರೂ ಏರುವಾಗ ತೋರಿ, ಭೂಮಿಯ ಸೆಳೆತವನ್ನು ಒಂದು ಬೆಳಗಿನ ಮಟ್ಟಿಗೆ ಸಡಿಲಿಸುವಂತೆ ಸಂಬಂಧಪಟ್ಟವರಲ್ಲಿ ತಾವೇ ಕೇಳಿಕೊಂಡು, ರಸ್ತೆಯ ಹಿಮ ಗುಡಿಸುವ ಗಾಡಿ ಬಂದರೆ ಸೌಜನ್ಯದಿಂದ ಬದಿಗೆ ನಿಂತು, ಈ ಸಲ ಎದುರಾದವರಿಗೆ ರೆಕ್ಕೆಯೆತ್ತಿ ವಂದಿಸಿ, ಸ್ವಂತ ಇಚ್ಛೆಯಿಂದಲೇ ಬಂದಿರೆಂಬಂತೆ ಬಂದು ಸೇರಬೇಕು. ದಾರಿಯಲ್ಲಿ ಯಾರಾದರೂ ತಮ್ಮ ಬೆನ್ನಿಗೆ ಭುಜ ಕೊಟ್ಟರೆ, ಉದಾಹರಣೆಗೆ ತಾವಿರುವ ಗ್ಯಾರೇಜಿನ ಯಜಮಾನರೇ ಕೊಟ್ಟರೆ, ತಾವದನ್ನು ಯಾರಿಗೂ ಹೇಳಬೇಕಾಗಿಲ್ಲ. ಆ ಹೊತ್ತಿಗೆ ನಾನೂ ಕಿಟಕಿಯ ಪರದೆ ಎಳೆದುಕೊಂಡಿರುತ್ತೇನೆ.

ಬರಿದಾದ ಮೂಲೆಯ ಕಾವಲಿನಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಹಾರ್ಲನ್ ಟ್ವೆಟೆನ್

ತಾಜಾ ಕಲಂ: ಈ ಪತ್ರ ಅಂಟಿಸಿದ ಮೇಲೆ, ಇಂದು ಶುಕ್ರವಾರ, ಶ್ರೀ ಡುವೇನ್ ಅವರು ಮನೆಗೆ ಬಂದು, ಬೂಟಿನ ಹಿಮ ಕೊಡವಿಕೊಂಡು, “ಆ ಮೇಜು... ನಿಂಗೇನಾದ್ರೂ ಬೇಕಿತ್ತಾ?” ಎಂದರು. ಬೇಕೇ ಬೇಕಿದ್ದರೂ ಕಟ್ಟಳೆ ಬಿಡದೆ “ಅಯ್ಯೋ, ಇರ್ಲಿ ಬಿಡು” ಎಂದೆ. “ಬೇಕಾದ್ರೆ ಹೇಳು ಮತ್ತೆ” ಎಂದರು. “ಛೆ, ಏನವಸರ” ಎಂದೆ. ಅವರು ಮೂರನೆಯ ಸಲಕ್ಕೆ ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಲವೋನ್ ಸಿಹಿಗುಂಬಳದ ಕೇಕಿನ ತಟ್ಟೆ ಹಿಡಿದು ಬಂದು “ತಗೋ ಡುವೇನ್” ಎಂದದ್ದರಿಂದ, ತೆರೆದ ಬಾಯಿಯನ್ನು ಅವರು ಕೇಕು ಬೇಡವೆನ್ನಲು ಬಳಸಬೇಕಾಯಿತು, ಆಮೇಲೆ ಮತ್ತೊಮ್ಮೆ ಬೇಡವೆನ್ನಲು, ಆಮೇಲೆ ತಿನ್ನಲು. ತಿಂದಾದ ಮೇಲೆ ಅವರಿಗೆ ಮೇಜಿನ ಮಾತು ನೆನಪಾಗಲಿಲ್ಲ. ಫ್ರೀಜರಿನ ಮಾತು ಲವೋನ್ ನೆನಪಿಸಿದಳು. “ನಾಳೆ ಬಂದು ಎತ್ತಿ ಆ ಮೂಲೇಲಿ ಇಡೋಕೆ ಕೈಜೋಡಿಸ್ಲಾ?” ಎಂದರು. ಬೇಡವೆಂದೆ. “ಭಾರ ಇರುತ್ತೆ ಕಣೋ” ಎಂದರು. ಖಂಡಿತ ಬೇಡವೆಂದೆ. “ಇಲ್ಲ, ಬರ್ತೀನಿ” ಎಂದರು. ಆ ಮೂರನೆಯ ಸಲ ಯಾರೂ ಕೇಕು ತರಲಿಲ್ಲ. ತಾವು ಅಷ್ಟರೊಳಗೆ ಬರಲಾಗದಿದ್ದರೆ, ಕನಿಷ್ಠ ಪಕ್ಷ ಅವರು ಹೊರಡುವ ಬಾಗಿಲಿಗಾದರೂ ಅಡ್ಡ ನಿಲ್ಲಿ. ಅಡ್ಡ ನಿಲ್ಲುವುದರಲ್ಲಿ ತಮ್ಮನ್ನು ಮೀರಿಸುವವರು ಈ ಕೌಂಟಿಯಲ್ಲಿ ಇಲ್ಲ.

ಲಗತ್ತು:
೧. ಎದುರು ಮನೆಯಿಂದ ನನ್ನ ಮನೆಗೆ ಬರುವ ದಾರಿಯ ನಕ್ಷೆ, ಒಂದು ಹಾಳೆ. ಏರು ಇರುವ ಕಡೆಯಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ “ಇಲ್ಲಿ ದಯವಿಟ್ಟು ಮನಸ್ಸು ಮಾಡಿ” ಎಂದು ಬರೆಯಲಾಗಿದೆ.