ಆರ್ಗನೈಸರ್ ಕೊಳ್ಳಬಹುದೇ ಎಂದು ಕೇಳಿದವರಿಗೆ

ಮರೆವು ಬೇರೆಯವರಿಗೆ ಬಂದರೆ ತಮಾಷೆ, ನಮಗೆ ಬಂದರೆ ಕಾಯಿಲೆ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ನಿಜ ಹೇಳಬೇಕೆಂದರೆ ನಾನು ಮರೆಯುವುದು ಅಷ್ಟೇನಿಲ್ಲ. ಎಲ್ಲಿ ಮರೆತುಬಿಡುತ್ತೇನೋ ಎಂದು ಹೆದರುವುದೇ ಹೆಚ್ಚು. ಕಡೂರಿನ ಮನೆಯಿಂದ ಅಜ್ಜಂಪುರದ ಶಾಲೆಗೆ ದಿನವೂ ರೈಲಿನಲ್ಲಿ ಹೋಗಿಬರುವ ಮೇಷ್ಟ್ರು ನಾನು. ಜೇಬಿನಲ್ಲಿ ರೈಲಿನ ಪಾಸು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾ ಸ್ಟೇಷನ್ನಿಗೆ ಹೋಗುತ್ತೇನೆ. ಪಾಸು ಇದ್ದರೆ ಕನ್ನಡಕದ ಯೋಚನೆ ಹತ್ತುತ್ತದೆ, ಕನ್ನಡಕ ಮೂಗಿನ ಮೇಲೇ ಇದ್ದರೆ ಗ್ಯಾಸಿನ ಯೋಚನೆ. ರೈಲು ಬೀರೂರು ದಾಟುವವರೆಗೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೆವರುತ್ತೇನೆ. ಹೆಂಡತಿ ಮನೆಯಲ್ಲೇ ಇದ್ದಾಳೆ, ಗ್ಯಾಸ್ ಹಚ್ಚುವವಳೂ ಆರಿಸುವವಳೂ ಅವಳೇ ಎಂಬುದು ನನಗೆ ಹೊಳೆಯುವುದು ಅಜ್ಜಂಪುರದಲ್ಲಿ ಇಳಿದ ಮೇಲೆ.

ಇಂಥವನ ಕಣ್ಣಿಗೆ ಆ ಆರ್ಗನೈಸರಿನ ಜಾಹೀರಾತು ಬಿದ್ದರೆ ಇನ್ನೇನಾಗಬೇಕು? ಅಂಗೈಯಗಲದ ಯಂತ್ರ, ಕಾಗದದಂಥ ಮಸುಕು ಪರದೆ, ಬರೆಯಲು ಒಂದು ಕಡ್ಡಿ. ನಾವು ಹೇಳಿದ ದಿನ, ಹೇಳಿದ ಹೊತ್ತಿಗೆ ಕೂಗಿ ನೆನಪಿಸುವುದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ಅದೆಲ್ಲ ಫೋನಿನಲ್ಲೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ನನ್ನ ಫೋನಿನಲ್ಲಿ ಬೆಳಗಾದರೆ ನೆಂಟರಿಷ್ಟರು ಕಳಿಸುವ ಗುಲಾಬಿ ಹೂವುಗಳ ರಾಶಿಯಡಿ ಎಲ್ಲ ನೆನಪುಗಳೂ ಹೂತುಹೋಗಿರುತ್ತವೆ. ಪಾರ್ಸೆಲ್ ಬಂದ ದಿನ ನನ್ನ ಹೆಂಡತಿ ಸುಧಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂದ್ರೆ, ಫೋನ್ ಮಾಡಕ್ಕೆ ಬರದೇ ಇರೋ ಫೋನು ತಾನೆ?" ಎಂದಳು. ನಾನು ಅಡುಗೆಮನೆಯ ಗೋಡೆಯಲ್ಲಿದ್ದ ಪಂಚಾಂಗದ ಕ್ಯಾಲೆಂಡರನ್ನು ತೆಗೆದು ಮಡಚಿ ಅಟ್ಟಕ್ಕೆ ಹಾಕಿದೆ. ಉಳಿದ ಮೊಳೆಗೆ ಅವಳು ಟೀ ಸೋಸುವ ಜರಡಿ ನೇತು ಹಾಕಿದಳು.

ಇಷ್ಟೆಲ್ಲ ಭಯ ಯಾಕೆಂದರೆ, ನಾನು ಮರೆಯಲೇಬಾರದ ದಿನ ವರ್ಷಕ್ಕೊಂದಿದೆ. ಅದು ಅಮ್ಮನ ತಿಥಿ. ಅಂದು ಯಗಟಿಯಿಂದ ನನ್ನ ಅಕ್ಕ ಬರುತ್ತಾಳೆ. ತೆಂಗಿನ ತೋಟ, ಕುರಿ, ರಾಗಿ ಎಂದು ಮೂರು ಹೊತ್ತೂ ಕೆಲಸವಿರುವ ಅವಳು ನಮ್ಮನೆಗೆ ಬಂದು ಕೂರುವುದು ಆ ಒಂದೇ ದಿನ. ಯಗಟಿಯೇನು ದೂರವಲ್ಲ, ಬಸ್ಸು ಹತ್ತಿದರೆ ಬಂದೇಬಿಡಬಹುದು. ಆದರೆ ಅವಳದೊಂದು ಕಟ್ಟುನಿಟ್ಟು: ತಮ್ಮನೇ ಬಾಯಿಬಿಟ್ಟು ಕರೆಯಬೇಕು. ಸುಧಾ ಕರೆದರೆ ಲೆಕ್ಕಕ್ಕಿಲ್ಲ. "ನೀನು ಕರೆದ್ರೆ ತವರು ಕಣೋ. ಕರೀದೆ ಬಂದ್ರೆ ಬರೀ ಕಡೂರು," ಎನ್ನುತ್ತಾಳೆ. ಅಮ್ಮ ಇದ್ದಾಗ ಕರೆಯುವ ಚಿಂತೆ ಅಮ್ಮನದಾಗಿತ್ತು. ಈಗ ಅಕ್ಕನ ತವರು ನನ್ನ ನೆನಪಿನ ಮೇಲೆ ನಿಂತಿದೆ.

ಹೋದ ವರ್ಷ ತಿಥಿ ಮುಗಿದ ಸಂಜೆ, ಅಕ್ಕನ ಎದುರಿಗೇ ಕೂತು, ಆ ದಿನದ ತಾರೀಖನ್ನು ಯಂತ್ರಕ್ಕೆ ಬರೆದೆ. 'ಪ್ರತಿ ವರ್ಷ ನೆನಪಿಸಬೇಕೇ?' ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ. ಎರಡು ದಿನ ಮುಂಚೆ ಅಕ್ಕನನ್ನು ಕರೆಯಲು ಬೇರೆಯೇ ಒಂದು ಕೂಗನ್ನು ಇಟ್ಟೆ. ಅಕ್ಕ ಬಗ್ಗಿ ನೋಡಿ, "ಅಮ್ಮನ್ನೂ ಇದ್ರೊಳಗೆ ಹಾಕ್ಬಿಟ್ಯಾ?" ಎಂದಳು. ನನಗಂತೂ ತಲೆಯ ಮೇಲಿನ ಮೂಟೆ ಇಳಿಸಿದಂತಾಯಿತು. ಅಂದು ರಾತ್ರಿ ಗ್ಯಾಸಿನ ಯೋಚನೆ ಕೂಡ ಬರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಆ ಯಂತ್ರದ ಏಜೆಂಟನಂತೆಯೇ ಆಗಿಬಿಟ್ಟೆ. ತರೀಕೆರೆಯಿಂದ ಬರುವ ಸಮಾಜ ಪಾಠದ ರಹಮತ್ ಸಾರ್‌ಗೆ ಅದರ ಮೇಲೆ ಬಹಳ ಆಸೆ, ಅಷ್ಟೇ ಅನುಮಾನ. ದಿನವೂ ಊಟದ ಡಬ್ಬಿ ಬಿಚ್ಚುತ್ತಾ, "ಕೊಳ್ಳಬೋದಾ ಸಾರ್? ನಿಜ ಹೇಳಿ," ಎಂದು ಕೇಳುವರು. ನಾನು ಗುಣಗಾನ ಮಾಡುವೆ. ಒಂದು ದಿನ ಅವರು ಕಡ್ಡಿಯಿಂದ ಅದರ ಮೇಲೆ ಗೀಚುತ್ತಾ, "ಎಲ್ಲಾ ಸರಿ ಸಾರ್. ಇದಕ್ಕೆ ಚಂದ್ರ ಗೊತ್ತಾ?" ಎಂದರು. "ಚಂದ್ರ ಯಾಕೆ?" ಎಂದೆ. "ನಮ್ಮ ಹಬ್ಬ ವರ್ಷಾ ವರ್ಷಾ ಹಿಂದಕ್ಕೆ ಹಿಂದಕ್ಕೆ ಜರಗ್ತಾ ಬರುತ್ತಲ್ಲ, ಅದಕ್ಕೇ ಕೇಳ್ದೆ." "ಅದು ನಿಮ್ಮ ತೊಂದರೆ ಸಾರ್, ನಮಗೇನಿಲ್ಲ," ಎಂದು ನಕ್ಕೆ. ಗಣಿತ ಕಲಿಸುವವನು ನಾನು. ಆಗ ಅವರೂ ನನ್ನೊಂದಿಗೆ ನಕ್ಕರು, ಪಾಪ.

ಈ ವರ್ಷದ ಕಾರ್ತಿಕದ ಒಂದು ಭಾನುವಾರ. ನಾನು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಸುಧಾಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದೆ. ಗೇಟಿನ ಸದ್ದಾಯಿತು. ತಲೆಯೆತ್ತಿದರೆ ಅಕ್ಕ. ಎಣ್ಣೆ ಕಾಣದ ಒದ್ದೆ ಕೂದಲು, ನೂಲಿನ ಸೀರೆ, ಕೈಯಲ್ಲಿ ಬಾಳೆಎಲೆ ಹೊರಗೆ ಇಣುಕುತ್ತಿದ್ದ ಚೀಲ. ಬೆಳಗಿನಿಂದ ತೊಟ್ಟು ನೀರೂ ಕುಡಿಯದ ಮುಖ. ನಾನು ಸಂತೋಷದಿಂದಲೇ, "ಅರೆ, ಬಾರಕ್ಕ! ಏನಿವತ್ತು ಇದ್ದಕ್ಕಿದ್ದಂಗೆ?" ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ನೋಡಿದಳು. ತಿಥಿಯ ದಿನ ನಮ್ಮ ಮನೆಯೊಳಗೆ ಬೆಳ್ಳುಳ್ಳಿ ಹಾಯುವುದಿಲ್ಲ. ಆ ಕ್ಷಣಕ್ಕೆ ನನಗೆ ರಹಮತ್ ಸಾರ್ ಕೇಳಿದ ಚಂದ್ರ ಸರಿಯಾಗಿ ಅರ್ಥವಾದ. ನಮ್ಮ ತಿಥಿಯೂ ಚಂದ್ರನ ಲೆಕ್ಕದ್ದೇ. ಹೋದ ವರ್ಷದ ತಾರೀಖಿಗೆ ಇನ್ನೂ ಹತ್ತು ಹನ್ನೊಂದು ದಿನವಿತ್ತು, ಆದರೆ ಅಮ್ಮನ ದಿನ ಆಗಲೇ ಬಂದು ಬಾಗಿಲಲ್ಲಿ ನಿಂತಿತ್ತು. ಜೇಬಿನಲ್ಲಿದ್ದ ಯಂತ್ರ ಮಾತ್ರ ಸುಮ್ಮನಿತ್ತು.

ಸುಧಾ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ನಾನು ಬಾಯಿ ತೆರೆಯುವ ಮುಂಚೆ ಅಕ್ಕನೇ ಹೇಳಿದಳು: "ಇವನು ಮೊನ್ನೇನೇ ಫೋನ್ ಮಾಡಿ ಕರೆದಿದ್ದ ಕಣೇ. ನಿಂಗೆ ಹೇಳೋದು ಮರೆತಿರ್ತಾನೆ. ನಡಿ, ಒಲೆ ಸಾರಿಸು, ಉದ್ದು ನಾನೇ ನೆನೆಸ್ಕೊಂಡು ಬಂದಿದೀನಿ." ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ನನ್ನ ಮಾನ ಮುಚ್ಚಿದ್ದು ತಡೆಯಲಾಗಲಿಲ್ಲ.

ಜೋಯಿಸರ ಮನೆಗೆ ಓಡಿದೆ. ಅವರು ಚೌಳಹಿರಿಯೂರಿಗೆ ಹೊರಟು ಸ್ಕೂಟರ್ ಒದೆಯುತ್ತಿದ್ದರು. "ಏನಪ್ಪಾ ಮೇಷ್ಟ್ರೇ, ನೀವು ಹೇಳ್ಲೇ ಇಲ್ಲ, ಈ ಸಲ ಅಕ್ಕನ ಮನೇಲಿ ಮಾಡ್ತೀರೇನೋ ಅಂದ್ಕೊಂಡೆ. ಅಲ್ಲೀದು ಮುಗಿಸ್ಕೊಂಡು ಬತ್ತೀನಿ, ಇರಿ," ಎಂದು ಹೊರಟೇಬಿಟ್ಟರು. ಅವರು ಬರುವವರೆಗೆ ನಾನು ಗೇಟಿಗೂ ರಸ್ತೆಗೂ ಎಷ್ಟು ಸಲ ಓಡಾಡಿದೆನೋ. ಸ್ಕೂಟರ್ ಕೆಟ್ಟಿತೇ, ಅಲ್ಲೇ ಊಟಕ್ಕೆ ಕೂತರೇ, ಹೊತ್ತು ಮೀರಿದರೆ ಏನು ಗತಿ? ಒಳಗೆ ಅಕ್ಕ ಕಡುಬಿಗೆ ಹಿಟ್ಟು ಕಲೆಸುತ್ತಾ, ಅಮ್ಮ ಹೂರಣವನ್ನು ಹೇಗೆ ಅರೆಯುತ್ತಿದ್ದಳು ಎಂದು ಸುಧಾಗೆ ಹೇಳುತ್ತಿದ್ದ ದನಿ ಕೇಳುತ್ತಿತ್ತು. ಕೊನೆಗೂ ಜೋಯಿಸರು ಬಂದರು, ಕಾರ್ಯ ಸರಿಯಾಗಿಯೇ ನಡೆಯಿತು. ಎಡೆ ಇಟ್ಟು ಕೈಮುಗಿದಾಗ ಅಮ್ಮನಿಗೆ ಏನು ಹೇಳಬೇಕೋ ತಿಳಿಯದೆ, ತಾರೀಖು ತಪ್ಪಾಯಿತು ಎಂದಷ್ಟೇ ಅಂದುಕೊಂಡೆ.

ಸಂಜೆ ಅಕ್ಕನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಯಂತ್ರದ ದೋಷ, ಚಂದ್ರನ ಗತಿ, ಅಧಿಕಮಾಸ ಎಲ್ಲವನ್ನೂ ವಿವರಿಸಿದೆ. ಕೇಳಿಸಿಕೊಂಡಳು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು: "ಇವತ್ತು ನಾನು ಕಡೂರಿಗೆ ಬಂದಿದ್ದೆ ಕಣೋ." ಬಸ್ಸು ಹೋಯಿತು.

ಮನೆಗೆ ಬಂದವನೇ ಅಟ್ಟದಿಂದ ಕ್ಯಾಲೆಂಡರ್ ಇಳಿಸಿದೆ. ಅದು ಹೋದ ವರ್ಷದ್ದು. ಸುಧಾ ಜರಡಿಯಲ್ಲಿ ಟೀ ಸೋಸಿ ಕೊಟ್ಟಳು. ಯಂತ್ರವನ್ನು ಹಿಂದಕ್ಕೆ ಕಳಿಸುವುದೋ ಒಡೆದು ಹಾಕುವುದೋ ಎಂಬ ಯೋಚನೆಯಲ್ಲೇ ವಾರ ಕಳೆಯಿತು. ಅದರೊಳಗಿನ ತಾರೀಖು ತಿದ್ದುವುದು ಮಾತ್ರ ನೆನಪಾಗಲಿಲ್ಲ.

ಹೀಗಾಗಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅದು ಗಟ್ಟಿಯಾಗಿ ಕೂಗಿಕೊಂಡಿತು. ಪರದೆಯ ಮೇಲೆ ನನ್ನದೇ ಸೊಟ್ಟ ಅಕ್ಷರ: 'ಅಕ್ಕನನ್ನು ಕರೆಯಬೇಕು.' ರಹಮತ್ ಸಾರ್ ಓದಿಕೊಂಡು, "ಕರೀರಿ ಸಾರ್, ಹೇಳ್ತಾ ಇದೆಯಲ್ಲ," ಎಂದರು. ತಿಥಿ ಮುಗಿದಿದೆಯಲ್ಲ ಎನ್ನಲು ಹೋದವನಿಗೆ ಬಸ್ಸಿನ ಕಿಟಕಿಯಲ್ಲಿ ಅಕ್ಕ ಹೇಳಿದ ಮಾತು ನೆನಪಾಯಿತು. ಫೋನ್ ತೆಗೆದು, "ಅಕ್ಕ, ನಾಡಿದ್ದು ಬಾ," ಎಂದೆ.

"ಯಾಕೋ? ನಾಡಿದ್ದು ಏನು?"

"ಏನಿಲ್ಲ. ಸುಮ್ಮನೆ. ಕರೀತಾ ಇದೀನಿ."

ಆ ಕಡೆ ಅವಳು ಯಾವುದೋ ಕುರಿಯನ್ನು ಗದರಿದಳು. ಮೂಗೆಳೆದುಕೊಂಡಳೋ ಏನೋ. ಆಮೇಲೆ, "ಹಂಗಾದ್ರೆ ಬತ್ತೀನಿ ಬಿಡು. ಈ ಸಲ ಬೆಳ್ಳುಳ್ಳಿ ಹಾಕಿ ಅಡುಗೆ ಮಾಡ್ಸು," ಎಂದಳು.

ಅಂದಿನಿಂದ ನಾನು ಎಷ್ಟು ಹಗುರಾದೆನೆಂದರೆ, ಆ ನಾಡಿದ್ದು ರಜೆ ಹಾಕಿ ಮನೆಯಲ್ಲಿ ಹಾಯಾಗಿ ಬೆಳ್ಳುಳ್ಳಿ ಸುಲಿಯುತ್ತಾ ಕೂತೆ. ಪಕ್ಕದಲ್ಲಿದ್ದ ಯಂತ್ರ 'ಇಂದು ಅಮ್ಮನ ತಿಥಿ' ಎಂದು ಕೂಗಿತು. ಗೊತ್ತು ಬಿಡು ಎಂದು ಅದರ ಬಾಯಿ ಮುಚ್ಚಿಸಿದೆ. ಅಷ್ಟರಲ್ಲಿ ಫೋನ್ ಬಂತು. "ಲೇ, ಕರೆದೋನೇ, ಬಸ್‌ಸ್ಟ್ಯಾಂಡಲ್ಲಿ ಎರಡು ಚೀಲ ತೆಂಗಿನಕಾಯಿ ಇಟ್ಕೊಂಡು ಎಷ್ಟೊತ್ತು ನಿಂತ್ಕೊಳ್ಳೋದೋ? ಕರ್ಕೊಂಡು ಹೋಗಕ್ಕೂ ಆ ಮೆಷೀನೇ ಹೇಳ್ಬೇಕಾ?"