ತಿತಿಮತಿಯ ಜಿಗಣೆಗಳಿಗೆ, ತಮಗೆ ಕಲಂ ಇಲ್ಲದ ಬಗ್ಗೆ

ಮಾನ್ಯರೇ,

ತಿತಿಮತಿ ಬಳಿಯ ನಮ್ಮ ದೊರೆಗಳ ಕಾಫಿ ತೋಟದಲ್ಲಿ ಮಳೆಗಾಲವಿಡೀ ಎಲೆಯ ತುದಿಯಲ್ಲಿ ಎದ್ದು ನಿಂತು, ಬಂದವರನ್ನು ಭೇದವಿಲ್ಲದೆ ಬರಮಾಡಿಕೊಳ್ಳುವ ತಮ್ಮ ಕರ್ತವ್ಯನಿಷ್ಠೆಗೆ ಕೈಮುಗಿದು, ತೋಟದ ಆಸ್ಪತ್ರೆಯಲ್ಲಿ ಕಾಯಿಲೆಗಳನ್ನು ವಿಂಗಡಿಸಿ ಬರೆಯಲು ಈಗಷ್ಟೇ ಕಲಿಯುತ್ತಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮಿಂದ ನನ್ನ ವಿದ್ಯಾಭ್ಯಾಸಕ್ಕೆ ಬಹಳ ತೊಂದರೆಯಾಗಿದೆ.

ದೊರೆಗಳು ಅಚ್ಚು ಹಾಕಿಸಿರುವ ಕಾಯಿಲೆ ಪಟ್ಟಿಯಲ್ಲಿ ಸೊಳ್ಳೆಯವರ ಶ್ರಮಕ್ಕೆ ಜ್ವರದ ಕಲಂ ಸಿಕ್ಕಿದೆ. ಹಾವಿನವರಿಗೆ ಒಂದಿದೆ. ಈ ಕಡೆ ಅಪರೂಪಕ್ಕೆ ತಲೆಹಾಕುವ ಹುಲಿಯವರಿಗೂ ಒಂದಿದೆ. ದಿನವೂ ದುಡಿಯುವ ತಮಗೆ ಮಾತ್ರ ಏನೂ ಇಲ್ಲ. ಇಷ್ಟೊಂದು ಸಂಕೋಚ ಒಳ್ಳೆಯದಲ್ಲ.

ಕಳೆ ಕೀಳುವ ಹೆಣ್ಣಾಳು ದೊಡ್ಡಿಯ ಕಾಲಿಗೆ ತಾವು ಕಚ್ಚಿದ ಗಾಯ ಕೀವಾಗಿ, ಕಾಲು ಬಾತು, ಅವಳು ಗೋಡೆ ಹಿಡಿದುಕೊಂಡು ಆಸ್ಪತ್ರೆಯ ಜಗಲಿಗೆ ಬಂದಳು. ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದೆ. ನನಗೆ ಪಾಠ ಹೇಳುವ ರೈಟರ್ ತಿಮ್ಮಪ್ಪಯ್ಯನವರು ಕನ್ನಡಕ ಒರೆಸುತ್ತ, "ಕಲಂ ಇಲ್ಲದ್ದು ಕಾಯಿಲೆಯೇ ಅಲ್ಲ ಮಾರಾಯ. ನಾಳೆ ಕೆಲಸಕ್ಕೆ ಇಳಿಯಲಿಕ್ಕೆ ಹೇಳು" ಎಂದರು. ದೊಡ್ಡಿ ಕಾಲನ್ನೇ ನೋಡಿಕೊಂಡು, "ಈ ಕಾಲಿಗೆ ಓದಕ್ಕೆ ಬರಲ್ಲ ಅಯ್ಯಾ, ಅದ್ಕೇ ಬಾತ್ಕಂಡದೆ" ಎಂದಳು.

ಆದ್ದರಿಂದ ತಾವು ಇನ್ನು ಮುಂದೆ ಕಚ್ಚುವಾಗ ತಪ್ಪದೆ ಚಳಿಜ್ವರ ಬರಿಸಬೇಕು, ಇಲ್ಲವೇ ಒಂದು ಚಿಕ್ಕ ಹೆಡೆಯನ್ನಾದರೂ ಬೆಳೆಸಿಕೊಳ್ಳಬೇಕು. ಎರಡೂ ಆಗದಿದ್ದರೆ ಸಂಸಾರ ಸಮೇತ ಬಂಗಲೆಗೆ ಹೋಗಿ, ದೊರೆಗಳ ಬೂಟಿನೊಳಗೆ ಶಿಸ್ತಾಗಿ ಕೂತು, ತಮ್ಮ ಅಹವಾಲನ್ನು ಖುದ್ದು ಸಲ್ಲಿಸಬೇಕೆಂದು ಪ್ರಾರ್ಥನೆ.

ತಮ್ಮ ಉತ್ತರಕ್ಕೆ ಕಾಯುವಷ್ಟು ವ್ಯವಧಾನ ದೊಡ್ಡಿಯ ಕಾಲಿಗೆ ಇಲ್ಲದ್ದರಿಂದ, ತಾವು ಮಾಡಿದ ಕೆಲಸವನ್ನು ನಾನು ಹಾವಿನವರ ಹೆಸರಿಗೆ ಬರೆದುಬಿಟ್ಟಿದ್ದೇನೆ. ಕೀರ್ತಿ ಬೇರೆಯವರ ಪಾಲಾದದ್ದಕ್ಕೆ ಬೇಸರ ಮಾಡಿಕೊಳ್ಳಬಾರದು.

ತಮ್ಮ ವಿಶ್ವಾಸಿಯೂ, ಹಲವು ಸಲ ತಮ್ಮ ಊಟವೂ ಆದ
ಕಿಟ್ಟು

ಮರೆತ ಮಾತು: ಹಾವಿನ ಕಲಮಿನಲ್ಲಿ ಹಾವಿನ ಜಾತಿಯನ್ನೂ ಬರೆಯಬೇಕಂತೆ. ಜಾತಿ ಬರೆಯದೆ ಕಲಂ ಮುಗಿಯುವುದಿಲ್ಲ, ಕಲಂ ಮುಗಿಯದೆ ರೋಗಿಯನ್ನು ಕೆಲಸಕ್ಕೆ ಇಳಿಸುವಂತಿಲ್ಲ. ಹಾಗಾಗಿ ದೊಡ್ಡಿ ಕೂಲಿಯಾಳುಗಳ ಲೈನಿನ ಮನೆಯಲ್ಲಿ ಕಾಲು ಚಾಚಿ ಮಲಗಿದ್ದಾಳೆ. ಕಾಂಪೌಂಡರು ದಿನವೂ ಹೋಗಿ ಗಾಯ ತೊಳೆದು ಕಟ್ಟುತ್ತಾರೆ, ಬಾವು ಇಳಿಯುತ್ತಿದೆ. ಆ ಹಾವನ್ನು ಪತ್ತೆ ಹಚ್ಚುವ ಹೊಣೆಯನ್ನು ತಿಮ್ಮಪ್ಪಯ್ಯನವರು ನನಗೇ ಒಪ್ಪಿಸಿದ್ದಾರೆ. ಸದ್ಯಕ್ಕೆ ಆಸ್ಪತ್ರೆಯ ಬೀರುವಿನಲ್ಲಿ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದೇನೆ.